ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಉಪಗ್ರಹಕ್ಕೆ ಹಕ್ಕಿಗಳ ಚಿಲಿಪಿಲಿ ಕೇಳಿಸಿದ್ದು ಹೇಗೆ?

ಅದು ಹಕ್ಕಿಯದ್ದೂ ಅಲ್ಲ, ಸದ್ದೂ ಅಲ್ಲ; ಭೂಮಿಯ ಸುತ್ತಲಿನ ಬಾಹ್ಯಾಕಾಶದಲ್ಲೇ ಹುಟ್ಟುವ ರೇಡಿಯೊ ಅಲೆ. ಸೆಕೆಂಡಿಗೆ ಕೆಲವು ನೂರರಿಂದ ಕೆಲವು ಸಾವಿರ ಸಲ ಅದುರುತ್ತದೆ. ನಮ್ಮ ಕಿವಿಗೆ ಕೇಳುವ ಸದ್ದೂ ಸೆಕೆಂಡಿಗೆ ಇಷ್ಟೇ ಸಲ ಅದುರುವಂಥದ್ದು ಅಲ್ವಾ? ಹಾಗಾಗಿ ಉಪಗ್ರಹದ ಆಂಟೆನಾ ಹಿಡಿದದ್ದನ್ನು ಸುಮ್ನೆ ಸ್ಪೀಕರಿಗೆ ಕೊಟ್ಟರೆ ಸಾಕು, ಚಿಲಿಪಿಲಿ. ವಿಜ್ಞಾನಿಗಳು ಇಟ್ಟ ಹೆಸರೇ ಕೋರಸ್. ನಾಸಾದ ಜೋಡಿ ಉಪಗ್ರಹ ವ್ಯಾನ್ ಅಲೆನ್ ಪ್ರೋಬ್ಸ್ 2012ರಿಂದ 2019ರವರೆಗೆ ಇಂಥ ಅಲೆಗಳನ್ನು ದಾಖಲಿಸಿದವು. ಮೊನ್ನೆ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಫೋನಿನಲ್ಲಿ ಹಾಕಿದೆ. ಜೊತೆಗಿದ್ದ ಗೆಳೆಯ ಕತ್ತೆತ್ತಿ ಮರ ನೋಡಿದ!

ಅಲೆಗೆ ಬಲ ಕೊಡುವುದು ಎಲೆಕ್ಟ್ರಾನ್‌ಗಳು. ಭೂಮಿಯ ಕಾಂತಕ್ಷೇತ್ರದ ಗೆರೆಗಳ ಸುತ್ತ ಅವು ಗಿರಕಿ ಹೊಡೆಯುತ್ತಿರುತ್ತವೆ. ಗಿರಕಿಯ ಲಯಕ್ಕೂ ಅಲೆಯ ಲಯಕ್ಕೂ ತಾಳ ಕೂಡಿದರೆ, ಎಲೆಕ್ಟ್ರಾನಿನ ಶಕ್ತಿ ಅಲೆಗೆ ಸೇರುತ್ತದೆ. ಸರಿಯಾದ ಹೊತ್ತಿಗೆ ಜೋಕಾಲಿ ತಳ್ಳಿದ ಹಾಗೆ. ಅಲೆ ಜೋರಾಗುತ್ತಾ ಅದರ ಸ್ವರವೂ ಮೇಲೇರುತ್ತದೆ. ಒಂದು ಸೆಕೆಂಡೂ ಹಿಡಿಯದ ಆ ಏರಿಕೆಯೇ ನಮಗೆ 'ಚಿವ್' ಅನ್ನಿಸುವುದು.

ತಮಾಷೆ ಅಂದರೆ, ಹಕ್ಕಿಗಳ ಚಿಲಿಪಿಲಿಯ ಹಾಗೆ ಈ ಕೋರಸ್ ಕೂಡ ಭೂಮಿಯ ಬೆಳಗಿನ ಬದಿಯಲ್ಲೇ ಜಾಸ್ತಿ. ರಾತ್ರಿಯ ಬದಿಯಿಂದ ನುಗ್ಗಿದ ಎಲೆಕ್ಟ್ರಾನ್‌ಗಳು ಪೂರ್ವಕ್ಕೆ ಸರಿಯುತ್ತಾ ಅಲ್ಲಿಗೇ ಬರುತ್ತವೆ.