ತುರ್ಕಿಯ ‘ತಮು’ ಸಂಸ್ಕೃತದ ‘ತಮಸ್’ನಿಂದ ಬಂದದ್ದೇ?

ಹಳೆಯ ತುರ್ಕಿ ಭಾಷೆಯಲ್ಲಿ ನರಕಕ್ಕೆ ‘ತಮು’ ಎನ್ನುತ್ತಿದ್ದರು, ಅದು ನಮ್ಮ ತಮಸ್ಸೇ ಇರಬೇಕು ಎಂದು ಕೇಳಿದ್ದೀರಿ. ನಂಟು ನಿಜ. ಆದರೆ ತಾಯಿ-ಮಗಳ ನಂಟಲ್ಲ, ಅಕ್ಕ-ತಂಗಿಯರದು.

ತುರ್ಕರಿಗೆ ಈ ಪದ ಕೊಟ್ಟವರು ಸೊಗ್ದಿಯನ್ನರು: ಮಧ್ಯ ಏಷ್ಯಾದ ಸಮರ್ಕಂದದ ಸುತ್ತಮುತ್ತಲಿನ, ಇರಾನಿ ಗುಂಪಿನ ಭಾಷೆಯಾಡುತ್ತಿದ್ದ ವರ್ತಕರು. ರೇಷ್ಮೆ ದಾರಿಯಲ್ಲಿ ಸರಕಿನ ಜೊತೆ ಮತಗಳೂ ಅವರೊಂದಿಗೆ ಸಾಗಿದವು. ಅವರ ಪದದ ಮೂಲಾರ್ಥ ಕತ್ತಲೆ. ಪಾರ್ಸಿಗಳ ಪ್ರಾಚೀನ ಧರ್ಮಗ್ರಂಥ ಅವೆಸ್ತಾದ ‘ತೆಮಹ್’, ಸಂಸ್ಕೃತದ ‘ತಮಸ್’ ಅದೇ ಬೇರಿನವು. 762ರ ಸುಮಾರಿಗೆ ತುರ್ಕರ ಒಂದು ಪಂಗಡವಾದ ಉಯಿಗುರರ ಖಗಾನ (ದೊರೆ) ಬೋಗು ಮಾನಿ ಧರ್ಮ ಸ್ವೀಕರಿಸಿದ. ಬೆಳಕು-ಕತ್ತಲೆಗಳ ಕಾದಾಟವೇ ತಿರುಳಾದ ಆ ಮತಕ್ಕೆ ಇದಕ್ಕಿಂತ ಒಪ್ಪುವ ಪದ ಬೇಕೇ?

ಸಂಸ್ಕೃತದಿಂದ ನೇರವಾಗಿ ಬಂದಿದ್ದರೆ ‘ನರಕ’ವೋ ‘ನಿರಯ’ವೋ ಬರಬೇಕಿತ್ತು, ಏಕೆಂದರೆ ಬೌದ್ಧ ಸಂಸ್ಕೃತ ಗ್ರಂಥಗಳಲ್ಲಿ ರೂಢಿಯಾಗಿದ್ದ ಪದಗಳು ಅವು. ಉಯಿಗುರ್ ಬೌದ್ಧರು ನರಕಗಳ ಹೆಸರನ್ನು ಭಾರತದಿಂದ ಪಡೆದರೂ ‘ತಮು’ವನ್ನು ಬಿಡಲಿಲ್ಲ, ಅವೀಚಿ ನರಕ ಅವರಲ್ಲಿ ‘ಅವಿಶ್ ತಮು’. ಇತ್ತ ಜೈನರ ಆರನೆಯ ನರಕ ತಮಃಪ್ರಭೆ, ಮಾಧ್ವರ ಅಂಧಂತಮಸ್ಸು ಇವೆಲ್ಲ ಅದೇ ಬೇರಿನಿಂದ ಭಾರತದಲ್ಲಿ ಬೇರೆಯಾಗಿ ಚಿಗುರಿದವು. ತುರ್ಕರ ಕಡೆಯಿಂದ ಬಂದವಲ್ಲ, ಅತ್ತ ಹೋದವೂ ಅಲ್ಲ.

ಇಸ್ಲಾಂ ಬಂದ ಕೂಡಲೇ ‘ತಮು’ ಸಾಯಲಿಲ್ಲ. 1070ರ ದಶಕದಲ್ಲಿ ಬಾಗ್ದಾದಿನಲ್ಲಿ ತುರ್ಕಿ ನಿಘಂಟು ಬರೆದ ಮಹ್ಮೂದ್ ಕಾಶ್ಗರಿ, ‘ಸ್ವತ್ತು ನರಕದ ಬಾಗಿಲನ್ನೂ ತೆರೆಸುತ್ತದೆ’ ಎಂಬ ಅರ್ಥದ ಗಾದೆಯನ್ನೇ ಕೊಟ್ಟಿದ್ದಾನೆ. (ಲಂಚದ ಮಾತು, ವಿವರಣೆ ಬೇಡ.) ಅನತೋಲಿಯಾದ (ಇಂದಿನ ತುರ್ಕಿ ದೇಶದ) ಕವಿ ಯೂನುಸ್ ಎಮ್ರೆಯ ಪದ್ಯಗಳಲ್ಲೂ ‘ತಮು’ ಇದೆ. ಆಮೇಲೆ ಅರಬ್ಬಿಯಿಂದ ಬಂದ ‘ಜಹನ್ನಮ್’, ತುರ್ಕಿ ಬಾಯಲ್ಲಿ ‘ಜೆಹೆನ್ನೆಮ್’, ಆ ಜಾಗ ಹಿಡಿಯಿತು. ಅದರ ಮೂಲ ಜೆರುಸಲೇಮಿನ ಹಿನ್ನೋಮ್ ಕಣಿವೆಯ ಹೀಬ್ರೂ ಹೆಸರು. ಆದರೆ ಮಂಗೋಲಿಯನ್ ಭಾಷೆಯಲ್ಲಿ ನರಕ ಇವತ್ತಿಗೂ ‘ತಮ್’.

ಹುಡುಕುವಾಗ ಎಡವುವುದು ಇದರ ಜೋಡಿಪದದಲ್ಲಿ. ಸ್ವರ್ಗಕ್ಕೆ ಹಳೆಯ ತುರ್ಕಿ ಪದ ‘ಉಚ್ಮಾಕ್’. ತುರ್ಕಿಯಲ್ಲಿ ‘ಹಾರು’ವುದಕ್ಕೂ ಅದೇ ರೂಪ. ಮಂಗೋಲಿಯಾದಲ್ಲಿರುವ 8ನೇ ಶತಮಾನದ ತುರ್ಕಿ ಭಾಷೆಯ ಓರ್ಖೋನ್ ಶಾಸನಗಳಲ್ಲಿ ಖಗಾನ ಸತ್ತದ್ದನ್ನು ‘ಹಾರಿಹೋದ’ ಎಂದೇ ಬರೆದಿರುವುದರಿಂದ, ಆತ್ಮ ಹಾರಿಹೋಗುವ ಜಾಗವೇ ಉಚ್ಮಾಕ್ ಎಂಬ ವಿವರಣೆ ಸುಲಭವಾಗಿ ನಂಬಿಕೆ ಗಿಟ್ಟಿಸುತ್ತದೆ. ನಂಬಬೇಡಿ. ಅದೂ ಸೊಗ್ದಿಯನ್ ಪದವೇ. ‘ಅತ್ಯುತ್ತಮ’ ಎಂಬರ್ಥದ ಅವೆಸ್ತಾದ ‘ವಹಿಶ್ತ’ದ ಬಳಗದ್ದು. ಪಾರಸಿಯ ‘ಬೆಹಿಶ್ತ್’ ಅದರ ಸೋದರ, ನಮ್ಮ ‘ವಸಿಷ್ಠ’ನ ಹೆಸರೂ ಅದೇ ಕುಲದ್ದು.