ಸ್ಟೆರಾಲ್ ಬಂದ್ ಮಾಡಿದ್ರೆ ಯೀಸ್ಟಿಗೆ ಬಣ್ಣ ಜಾಸ್ತಿ ಬರುತ್ತಾ?

ಪ್ರಶ್ನೆ: ಸರ್, ಫಾಫಿಯಾ ಯೀಸ್ಟಲ್ಲಿ ಎರ್ಗೋಸ್ಟೆರಾಲ್ (ಯೀಸ್ಟಿನ ಪೊರೆಗೆ ಬೇಕಾದ ಕೊಬ್ಬಿನಂಥ ವಸ್ತು, ಒಂದು ಸ್ಟೆರಾಲ್) ಆಗೋದನ್ನ ತಡೆದ್ರೆ ಆ ಕಚ್ಚಾಮಾಲೆಲ್ಲ ಅದರ ಕಿತ್ತಳೆ-ಕೆಂಪು ಬಣ್ಣವಾದ ಆಸ್ಟಾಕ್ಸಾಂಥಿನ್ ಕಡೆ ತಿರುಗುತ್ತಲ್ವಾ? ಯೀಸ್ಟ್ ಬೆಳೆಸೋ ಮೀಡಿಯಾಗೆ ಎರ್ಗೋಸ್ಟೆರಾಲ್ ತಡೆಯೋ ಶಿಲೀಂಧ್ರದ ಔಷಧಿ ಕ್ಲೋಟ್ರಿಮಜೋಲ್ ಸ್ವಲ್ಪ ಹಾಕ್ಲಾ?

ಉತ್ತರ: ಹಾಕ್ಬೇಡಿ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದೀನೋ ಲೆಕ್ಕ ಇಲ್ಲ, ಆದ್ರೂ ಒಂದು ನಲ್ಲಿ ಮುಚ್ಚಿದ್ರೆ ಇನ್ನೊಂದರಲ್ಲಿ ನೀರು ಜೋರಾಗಿ ಬರುತ್ತೆ ಅನ್ನೋ ಚಿತ್ರ ಯಾರ ತಲೆಯಿಂದಲೂ ಹೋಗ್ತಿಲ್ಲ. ಕವಲು ಇರೋದು ನಿಜ, 15 ಕಾರ್ಬನ್ನಿನ ಫಾರ್ನೆಸಿಲ್ ಪೈರೋಫಾಸ್ಫೇಟ್ ಹತ್ರ ದಾರಿ ಎರಡಾಗುತ್ತೆ, ಒಂದು ಸ್ಕ್ವಾಲೀನ್ ಆಗಿ ಎರ್ಗೋಸ್ಟೆರಾಲಿಗೆ, ಇನ್ನೊಂದು 40 ಕಾರ್ಬನ್ನಿನ ಫೈಟೋಯಿನ್ ಆಗಿ ಬಣ್ಣಕ್ಕೆ. ಈಗ ಸಿವೈಪಿ61 ಜೀನ್ ನೋಡಿ. ಅದರ ಕೆಲಸ ಸ್ಟೆರಾಲ್ ದಾರಿಯ ಹೆಚ್ಚುಕಮ್ಮಿ ಕೊನೇಲಿ. ಅದನ್ನ ತೆಗೆದ್ರೆ ಎರ್ಗೋಸ್ಟೆರಾಲ್ ಇಲ್ಲ, ಆದ್ರೆ ಅದರ ಜಾಗದಲ್ಲಿ ಬೇರೆ ಸ್ಟೆರಾಲ್‌ಗಳು ತುಂಬ್ಕೊಳ್ತವೆ, ಅಂದ್ರೆ ಕಾರ್ಬನ್ ಆಗ್ಲೇ ಆ ದಾರೀಲಿ ಹೋಗಾಯ್ತು. ಆದ್ರೂ ಕಾಲೊನಿ ಇನ್ನೂ ಗಾಢ ಕಿತ್ತಳೆ ಆಗುತ್ತೆ! ಕವಲಲ್ಲಿ ಏನೂ ತಿರುಗದೇ ಇದ್ರೂ ಬಣ್ಣ ಎಲ್ಲಿಂದ ಬಂತು?

ಎಸ್‌ಆರ್‌ಇ1 ಅನ್ನೋ ಪ್ರೋಟೀನಿಂದ. ಇದು ಕೋಶದೊಳಗಿನ ಇಆರ್ ಅನ್ನೋ ಪೊರೆಜಾಲದಲ್ಲಿ ಕೂತು ಸ್ಟೆರಾಲ್ ಮಟ್ಟಕ್ಕೆ ಕಾವಲಿರುತ್ತೆ, ಕಮ್ಮಿ ಅಂತ ಗೊತ್ತಾದ್ರೆ ಗಾಲ್ಜಿ ಅನ್ನೋ ಇನ್ನೊಂದು ಪೊರೆಯ ಭಾಗಕ್ಕೆ ಹೋಗುತ್ತೆ, ಅಲ್ಲಿ ಕತ್ತರಿಸಿ ಬಿಡಿಸಿದ ಮುಂಭಾಗ ನ್ಯೂಕ್ಲಿಯಸ್ಸಿಗೆ ಹೋಗಿ ಎಚ್‌ಎಂಜಿ-ಕೋಎ ರಿಡಕ್ಟೇಸ್ (ಕಚ್ಚಾಮಾಲು ತಯಾರಿಸೋ ದಾರಿಯ ಒಂದು ಎಂಜೈಮ್) ಥರದ ಜೀನ್‌ಗಳನ್ನ ಆನ್ ಮಾಡುತ್ತೆ. ಆ ರಿಡಕ್ಟೇಸ್ ಕವಲಿಗಿಂತ ತುಂಬಾ ಮೇಲಿದೆ, ಹಾಗಾಗಿ ಎರಡೂ ದಾರಿಗೆ ಮಾಲು ಹೆಚ್ಚುತ್ತೆ. ಸಿವೈಪಿ61 ಇಲ್ಲದ ತಳಿಯಲ್ಲೇ ಎಸ್‌ಆರ್‌ಇ1 ಕೂಡ ತೆಗೆದ್ರೆ ಆ ಹೆಚ್ಚಿನ ಬಣ್ಣ ಮಾಯ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು.

ಕ್ಲೋಟ್ರಿಮಜೋಲ್ ಹಿಡಿಯೋದು ಇಆರ್‌ಜಿ11 ಅನ್ನೋ ಎಂಜೈಮಿನ ಹಂತಾನ, ಸಿವೈಪಿ61ಗಿಂತ ಎಷ್ಟೋ ಮುಂಚೆ. ಅಲ್ಲಿ ತಡೆದ್ರೆ ಪೊರೆಯೇ ಕೆಡುತ್ತೆ, ಬೆಳವಣಿಗೆ ಕುಂಟುತ್ತೆ. ಒಂದು ಗ್ರಾಂ ಕೋಶಕ್ಕೆ ಬಣ್ಣ ಎಷ್ಟು ಅಂತ ಮಾತ್ರ ಅಳೆದು ಖುಷಿಪಡೋರು ಲೀಟರಿಗೆ ಕೋಶ ಎಷ್ಟಿದೆ ಅಂತಾನೂ ಅಳೀರಿ ದಯವಿಟ್ಟು.

ಪ್ರಶ್ನೆ: ಗ್ಲೂಕೋಸ್ ಜಾಸ್ತಿ ಕೊಟ್ರೆ?
ಉಲ್ಟಾ ಆಗುತ್ತೆ, ಗ್ಲೂಕೋಸ್ ಇರೋವರೆಗೂ ಬಣ್ಣದ ಜೀನ್‌ಗಳು ತಗ್ಗೇ ಇರ್ತವೆ.

ಪ್ರಶ್ನೆ: ನನ್ನ ಬ್ರೆಡ್ ಯೀಸ್ಟ್ ಕೆಂಪಾಯ್ತು, ಅದು ಆಸ್ಟಾಕ್ಸಾಂಥಿನ್ ಥರದ ಕ್ಯಾರೊಟಿನಾಯ್ಡ್ ಬಣ್ಣಾನಾ?
ಅಲ್ಲ, ಅದಕ್ಕೆ ಆ ಜೀನ್‌ಗಳೇ ಇಲ್ಲ. ಅಡೆನಿನ್ ಮಾಡೋ ಜೀನ್ ಕೆಟ್ಟ ಮ್ಯೂಟೆಂಟ್ ಇರ್ಬೇಕು, ಇಲ್ಲಾ ರೋಡೊಟೊರುಲಾ ಅನ್ನೋ ಕೆಂಪು ಯೀಸ್ಟ್ ಸೇರ್ಕೊಂಡಿದೆ, ಹೊಸ ಪ್ಲೇಟ್ ಮೇಲೆ ಗೀರಿ (ಸ್ಟ್ರೀಕ್ ಮಾಡಿ) ಬೆಳೆಸಿ ನೋಡಿ.

ಪ್ರಶ್ನೆ: ಎರ್ಗೋಸ್ಟೆರಾಲ್ ಇದ್ಮೇಲೆ ಯಾವ ಯೀಸ್ಟ್ ತಿಂದ್ರೂ ವಿಟಮಿನ್ ಡಿ ಸಿಗುತ್ತಂತೆ?
ಯುವಿ ಬೆಳಕು ಬೀಳದೆ ಅದು ವಿಟಮಿನ್ ಡಿ2 ಆಗಲ್ಲ. ಹಾಗಂತ ಹೇಳಿ ಪುಡಿ ಮಾರೋರು ಸುಳ್ಳು ಹೇಳ್ತಿದಾರೆ.

ಪ್ರಶ್ನೆ: ಫಾಫಿಯಾ ಪ್ಲೇಟಲ್ಲಿ ಏನೂ ಬರ್ತಿಲ್ಲ.
30 ಡಿಗ್ರಿಯಲ್ಲಿ ಇಟ್ಟಿರ್ತೀರಿ. 22ಕ್ಕೆ ಇಳಿಸಿ, ಕೆಲವು ದಿನ ಕಾಯಿರಿ.