ಜೆರ್ಸಿ ಕಳಚದೆಯೇ ಸ್ನೇಹ

ಬೆಂಗಳೂರು ಆಸ್ಟಿನ್ ಟೌನಿನ ಓದುಗರೊಬ್ಬರು ಬರೆದಿದ್ದಾರೆ: “ಕೋಲ್ಕತ್ತದ ಫುಟ್‌ಬಾಲ್ ಅಭಿಮಾನಿಗಳನ್ನು ನೀವು ವಿಪರೀತ ಹೊಗಳುತ್ತೀರಿ. ಘೋಟಿ, ಬಾಂಗಾಲ್ ಎಂದು ಊರನ್ನೇ ಇಬ್ಭಾಗ ಮಾಡಿದವರು ಅವರು. 1980ರಲ್ಲಿ ಹೆಣ ಬಿದ್ದದ್ದು ಮರೆತಿರಾ? ಸ್ನೇಹ ಬೇಕಿದ್ದರೆ ಮೊದಲು ಆ ಬಣ್ಣ, ಬಾವುಟ ತೊಲಗಲಿ.”

ಮರೆತಿಲ್ಲ ಸ್ವಾಮಿ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್-ಈಸ್ಟ್ ಬೆಂಗಾಲ್ ಪಂದ್ಯದ ನಡುವೆ ಆಟಗಾರರಾದ ಬಿದೇಶ್ ಬೋಸ್ ಮತ್ತು ದಿಲೀಪ್ ಪಾಲಿತ್ ಅವರನ್ನು ರೆಫರಿ ಹೊರಗೆ ಕಳಿಸಿದ ಮೇಲೆ ಗ್ಯಾಲರಿಯಲ್ಲಿ ಹೊಡೆದಾಟ ಹತ್ತಿತು, 16 ಮಂದಿ ಸತ್ತರು. ಅದರಲ್ಲಿ ನಿಮ್ಮ ಮಾತು ಸರಿ. ಆದರೆ ಊರನ್ನು ಇಬ್ಭಾಗ ಮಾಡಿದವರು ಅಭಿಮಾನಿಗಳಲ್ಲ. ಪಶ್ಚಿಮ ಬಂಗಾಳದ ಮೂಲದವರು ಘೋಟಿ, ಪೂರ್ವದಿಂದ ಬಂದವರು ಬಾಂಗಾಲ್ ಎಂಬ ಭೇದ ಚೆಂಡಿಗಿಂತ ಹಳೆಯದು. ಘೋಟಿಗಳ ಕ್ಲಬ್ ಮೋಹನ್ ಬಾಗಾನ್ ಹುಟ್ಟಿದ್ದು 1889ರಲ್ಲಿ, ಬಾಂಗಾಲರ ಕ್ಲಬ್ ಈಸ್ಟ್ ಬೆಂಗಾಲ್ 1920ರಲ್ಲಿ. 1947ರಲ್ಲಿ ಮನೆ, ಹೊಲ, ಕೆರೆ ಎಲ್ಲ ಗಡಿಯಾಚೆ ಬಿಟ್ಟು ಬಂದವರಿಗೆ ಬಿಟ್ಟುಬಂದ ನಾಡಿನ ಹೆಸರು ಉಳಿದದ್ದು ಆ ಕ್ಲಬ್ಬಿನಲ್ಲಿ. ಕೆಂಪು-ಹಳದಿ ಅಂಗಿ ಬಿಚ್ಚಿಡಿ, ಆಮೇಲೆ ಸ್ನೇಹ ಎಂದರೆ ಆ ಹೆಸರನ್ನೂ ಬಿಟ್ಟುಕೊಡಿ ಎಂದಂತೆ. ಅಂಥ ಸ್ನೇಹ ಯಾರಿಗೆ ಬೇಕು?

ಅದೇ ಬಣ್ಣ ಹೊತ್ತು ಆಡಿದ ‘ಪಂಚ ಪಾಂಡವ’ರನ್ನು ನೆನೆಯಿರಿ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ: ಈ ಮುಂಚೂಣಿಯಲ್ಲಿ ಒಬ್ಬರೂ ಬಂಗಾಳಿಯಲ್ಲ, ಎಲ್ಲರೂ ದಕ್ಷಿಣದವರು. 1949ರಿಂದ 51ರವರೆಗೆ ಸತತ ಮೂರು ವರ್ಷ ಕೋಲ್ಕತ್ತದ ಐಎಫ್‌ಎ ಶೀಲ್ಡ್ ಪಂದ್ಯಾವಳಿ ಗೆದ್ದ ತಂಡ ಅದು. ನಿರಾಶ್ರಿತರು ಹೆಗಲ ಮೇಲೆ ಹೊತ್ತು ಮೆರೆಸಿದ ಅಹ್ಮದ್ ಖಾನ್ ನಿಮ್ಮ ಬೆಂಗಳೂರಿನವರು. ಆಸ್ಟಿನ್ ಟೌನಿನವರಿಗೆ ಇದನ್ನು ಹೇಳಬೇಕಾಗಿ ಬಂದದ್ದೇ ಬೇಸರ.

ಇನ್ನು 2024ರ ಆಗಸ್ಟ್ 18. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದ ವೈದ್ಯೆಯ ಮೇಲೆ ಅತ್ಯಾಚಾರ ಎಸಗಿ ಕೊಂದ ಒಂಬತ್ತು ದಿನಕ್ಕೆ ಡುರಾಂಡ್ ಕಪ್‌ನಲ್ಲಿ ಈ ಎರಡು ಕ್ಲಬ್ಬುಗಳ ಮುಖಾಮುಖಿ, ಅಂದರೆ ಡರ್ಬಿ ಇತ್ತು. ಭದ್ರತೆಗೆ ಪೊಲೀಸರು ಸಾಲರು ಎಂದು ಪಂದ್ಯ ರದ್ದಾಯಿತು, ಎರಡೂ ತಂಡಕ್ಕೆ ಒಂದೊಂದು ಅಂಕ ಹಂಚಿದರು. ಅಭಿಮಾನಿಗಳು ಮನೆಯಲ್ಲಿ ಕೂರಲಿಲ್ಲ. ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಎರಡೂ ಕಡೆಯವರು ಸೇರಿದರು, ಊರಿನ ಇನ್ನೊಂದು ಕ್ಲಬ್ ಮೊಹಮ್ಮಡನ್ ಸ್ಪೋರ್ಟಿಂಗ್‌ನವರೂ ಬಂದರು, ಮೋಹನ್ ಬಾಗಾನ್ ನಾಯಕ ಸುಭಾಶಿಷ್ ಬೋಸ್ ಕೂಡ. ಯಾರೂ ಜೆರ್ಸಿ ಕಳಚಿರಲಿಲ್ಲ. ಎರಡು ಗ್ಯಾಲರಿಗೆ ಒಂದೇ ಕೊರಳು ಎಂದು ಕೂಗಿದರು. ಪಂದ್ಯಕ್ಕೆ ಸಾಲದ ಪೊಲೀಸರು ಅವರ ಮೇಲೆ ಲಾಠಿ ಬೀಸಲು ಮಾತ್ರ ಸಾಕಷ್ಟಿದ್ದರು!

ಇಂಥದ್ದು ಒಂದು ದಿನದ ಆವೇಶದಲ್ಲೇ ಮುಗಿಯಬಾರದು. ಅದಕ್ಕೆ ದಾರಿಯನ್ನು ಕೋಲ್ಕತ್ತವೇ ತೋರಿಸಿದೆ: ಸತ್ತ ಆ 16 ಮಂದಿಯ ನೆನಪಿಗೆ ಆಗಸ್ಟ್ 16ರಂದು ರಕ್ತದಾನ. ನಿಮ್ಮ ಬಡಾವಣೆಯ ಕ್ಲಬ್ಬುಗಳೂ ಇದನ್ನು ಮಾಡಬಹುದು, ಆದರೆ ಸರಿಯಾಗಿ ಮಾಡಬೇಕು. ಪಂದ್ಯದ ದಿನ ಬೇಡ. ರಕ್ತ ಕೊಟ್ಟು ಬಿಸಿಲಲ್ಲಿ ನಿಂತು ಕೂಗಿದರೆ ತಲೆ ಸುತ್ತುತ್ತದೆ. ದಾನಿಗೆ 18 ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂ, ಹೊಟ್ಟೆ ಖಾಲಿ ಇರಬಾರದು. ಮುನ್ನೂರು ಜನರನ್ನು ಒಂದೇ ದಿನ ಕರೆತಂದು ಫೋಟೊ ಹೊಡೆಸಿಕೊಳ್ಳುವ ಚಟ ಬಿಡಿ: ಪ್ಲೇಟ್‌ಲೆಟ್ 5 ದಿನಕ್ಕೆ ಕೆಡುತ್ತದೆ, ಕೆಂಪುಕಣ ಸುಮಾರು 35ರಿಂದ 42 ದಿನಕ್ಕೆ. ರಕ್ತನಿಧಿಯನ್ನು ಕೇಳಿ ತಿಂಗಳಿಗೊಂದು ತಂಡ ಕಳಿಸಿ. ಒಮ್ಮೆ ಕೊಟ್ಟವರ ಸರದಿ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದ ಮೇಲೆ.

ಕ್ಲಬ್ಬಿಗೊಂದು ಮೇಜು ಹಾಕಿದರೆ ಅಲ್ಲೂ ಎಣಿಕೆಯ ಜಗಳ ಶುರುವಾಗುತ್ತದೆ. ಒಂದೇ ನೋಂದಣಿ ಪುಸ್ತಕ, ಒಂದೇ ಸಾಲು, ಒಂದೇ ಬೆಂಚು ಇರಲಿ. ಸೂಜಿ ತೆಗೆದ ಮೇಲೆ ಜ್ಯೂಸ್ ಕುಡಿದು ಕೂರಬೇಕಾದ ಆ ಹದಿನೈದು ನಿಮಿಷದಲ್ಲೇ ಪಕ್ಕದವನ ಊರು, ಕೆಲಸ, ಅವನ ಅಚ್ಚುಮೆಚ್ಚಿನ ಗೋಲು ತಿಳಿಯುವುದು. ಮೈದಾನದೊಳಗೆ ಗ್ಯಾಲರಿ, ಗೇಟು ಬೇರೆ ಬೇರೆಯೇ ಇರಲಿ, ಬೇಕಾದಷ್ಟು ಕೆಣಕಿಕೊಳ್ಳಲಿ.

ಆದರೆ ಆ ಗೇಟನ್ನು ಕಾಯುವವರ ಲೆಕ್ಕವನ್ನು ನಾವು ಯಾವತ್ತು ಕೇಳುತ್ತೇವೆ? 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತಾಗಲೂ ಅಷ್ಟು ಜನ ಯಾಕೆ ಬಂದರು ಎಂದು ಸತ್ತವರನ್ನೇ ಕೇಳಿದವರಿದ್ದರು. ಎಷ್ಟು ಗೇಟು ತೆರೆದಿತ್ತು, ಒಳಗೆ ಯಾರನ್ನು ಬಿಡುತ್ತಾರೆಂದು ಎಷ್ಟು ಹೊತ್ತಿಗೆ ತಿಳಿಸಿದರು, ಆಂಬುಲೆನ್ಸ್‌ಗೆ ದಾರಿ ಎಲ್ಲಿತ್ತು? ನಿಮ್ಮ ಮುಂದಿನ ಕಾಗದದಲ್ಲಿ ಬಾವುಟದ ಮೇಲಿನ ಸಿಟ್ಟನ್ನು ಈ ಪ್ರಶ್ನೆಗಳ ಕಡೆ ತಿರುಗಿಸಿ ಬರೆಯಿರಿ, ಇದೇ ಅಂಕಣದಲ್ಲಿ ಪೂರ್ತಿ ಅಚ್ಚು ಹಾಕುತ್ತೇವೆ.

— ಸಂ.